ವಿರೋಧದ ನಡುವೆ ನಂಬಿಗಸ್ತಿಕೆ: ಅಂಚೆಯಲ್ಲಿ ಬರುವ ಒಂದು ಬೈಬಲ್ ಪಾಠಮಾಲೆಯ ವಿಮರ್ಶೆ

ಕೋಲಾರ ಜಿಲ್ಲೆಯ ಕ್ರೈಸ್ತ ಸಭೆಗಳಲ್ಲಿ ಕೆಲವು ವರ್ಷಗಳಿಂದ ಕೈಯಿಂದ ಕೈಗೆ ದಾಟುತ್ತಿರುವ ಒಂದು ಅಂಚೆ ಬೈಬಲ್ ಪಾಠಮಾಲೆಯನ್ನು ಕುರಿತ ಬರಹ ಇದು. ನಿಂದೆ, ಬಹಿಷ್ಕಾರ, ಹಿಂಸೆ ಎದುರಾದಾಗ ಕ್ರೈಸ್ತ ವಿಶ್ವಾಸಿಯು ನಂಬಿಗಸ್ತನಾಗಿ ನಿಲ್ಲುವುದು ಹೇಗೆ ಎಂಬುದೊಂದೇ ಇದರ ವಿಷಯ. ಒಟ್ಟು ಹನ್ನೆರಡು ಕಿರುಪುಸ್ತಿಕೆಗಳಿವೆ. ಒಂದನ್ನು ಓದಿ, ಅದರ ಕೊನೆಯಲ್ಲಿರುವ ಉತ್ತರ ಪತ್ರಿಕೆಯನ್ನು ತುಂಬಿ ಕಳುಹಿಸಿದರೆ, ಅದನ್ನು ತಿದ್ದಿ ಮುಂದಿನ ಪುಸ್ತಿಕೆಯೊಡನೆ ಹಿಂದಿರುಗಿಸುತ್ತಾರೆ. ಶುಲ್ಕವಿಲ್ಲ, ನಾವು ಕಳುಹಿಸುವ ಲಕೋಟೆಯ ಅಂಚೆ ವೆಚ್ಚ ಮಾತ್ರ ನಮ್ಮದು. ನಡೆಸುವವರು ಪ್ರಚಾರ ಬಯಸದ ಸಣ್ಣ ಗುಂಪಿನವರಾದ್ದರಿಂದ, ಮತ್ತು ಇಲ್ಲಿ ಕೆಲವು ದೂರುಗಳೂ ಇರುವುದರಿಂದ, ಅವರ ಹೆಸರನ್ನು ಬರೆಯುತ್ತಿಲ್ಲ. ಸೇರಬಯಸುವವರಿಗೆ ಅರ್ಜಿಯ ನಮೂನೆ ಇಲ್ಲಿನ ಹಲವು ಸಭಾಪಾಲಕರ ಬಳಿಯೇ ಸಿಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಿಕೆಗಳಲ್ಲಿ ಅಚ್ಚಾಗಿರುವುದು ಒಳ್ಳೆಯದೇ ಆದರೂ ಅದು ಹೆಚ್ಚಾಗಿ ರೋಮಿನ ನ್ಯಾಯಾಸನದ ಎದುರು ನಿಂತವರ ಕಥೆ. ನಮ್ಮ ತಾಲ್ಲೂಕುಗಳಲ್ಲಿ ವಿಶ್ವಾಸಿಗಳು ಎದುರಿಸುವ ವಿರೋಧ ಬಹುಮಟ್ಟಿಗೆ ಅಡುಗೆಮನೆಯಲ್ಲಿ, ಅರಳಿಕಟ್ಟೆಯಲ್ಲಿ, ಹಾಲಿನ ಡೇರಿಯ ಮುಂದಿನ ಸಾಲಿನಲ್ಲಿ ನಡೆಯುವಂಥದು. ಈ ಅಂತರವನ್ನು ತುಂಬುವುದು ಪಾಠ ತಿದ್ದುವವರು ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ಕೈಯಾರೆ ಬರೆಯುವ ಮಾತುಗಳು. ಈ ಸೇವೆಯ ನಿಜವಾದ ಬೆಲೆ ಇರುವುದು ಅಲ್ಲಿಯೇ.

ಮೊದಲು ಅಚ್ಚಿನ ಭಾಗವನ್ನು ನೋಡೋಣ. ಆರಂಭದ ಮೂರು ಪಾಠಗಳು ಯೇಸುವಿನ ಶಿಷ್ಯನೂ ಅಪೊಸ್ತಲನೂ ಆದ ಪೇತ್ರನು ಬರೆದ ಮೊದಲನೆಯ ಪತ್ರಿಕೆಯನ್ನು ಆಧರಿಸಿವೆ. ಆಯ್ಕೆ ಸರಿಯಾಗಿದೆ. ಪೊಂತ, ಗಲಾತ್ಯ, ಕಪ್ಪದೋಕ್ಯ, ಏಷ್ಯ, ಬಿಥೂನ್ಯ ಸೀಮೆಗಳಲ್ಲಿ, ಅಂದರೆ ಇಂದಿನ ಟರ್ಕಿಯ ನೆಲದಲ್ಲಿ, ಚದರಿ ವಾಸವಾಗಿದ್ದ ವಿಶ್ವಾಸಿಗಳಿಗೆ ಬರೆದ ಪತ್ರ ಅದು. ಐದೇ ಅಧ್ಯಾಯಗಳ ಆ ಪತ್ರದಲ್ಲಿ ಬಾಧೆಯ ಮಾತು ಬಾರದ ಅಧ್ಯಾಯವೇ ಇಲ್ಲ. ಬಾಧೆಪಡುವುದೆಲ್ಲವೂ ಪುಣ್ಯವಲ್ಲ ಎಂಬುದನ್ನು ಪಾಠಮಾಲೆ ಎರಡನೆಯ ಪುಸ್ತಿಕೆಯಲ್ಲಿಯೇ ನೇರವಾಗಿ ಹೇಳುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಅಪೊಸ್ತಲನು ಕೊಲೆಗಾರ, ಕಳ್ಳ, ದುಷ್ಕರ್ಮಿ ಇವರ ಸಾಲಿನಲ್ಲಿಯೇ ಪರರ ಕಾರ್ಯಗಳಲ್ಲಿ ತಲೆಹಾಕುವವನನ್ನೂ ಸೇರಿಸಿ, ಹಾಗೆ ಬಾಧೆಪಡುವವರು ನಿಮ್ಮಲ್ಲಿ ಇರಬಾರದು ಎನ್ನುತ್ತಾನೆ. ಈ ಕೊನೆಯ ಹೆಸರನ್ನು ಪ್ರಸಂಗಗಳಲ್ಲಿ ಬಹಳ ಮಂದಿ ದಾಟಿಸಿಬಿಡುತ್ತಾರೆ. ಪುಸ್ತಿಕೆ ದಾಟಿಸುವುದಿಲ್ಲ. ಬಸ್ ನಿಲ್ದಾಣದಲ್ಲಿ ಇನ್ನೊಬ್ಬರ ದೇವರನ್ನು ಹೀನಾಯವಾಗಿ ಮಾತನಾಡಿ ಬೈಸಿಕೊಂಡು ಬಂದು, ಕ್ರಿಸ್ತನ ನಿಮಿತ್ತ ನಿಂದೆ ಅನುಭವಿಸಿದೆನೆಂದು ಸಭೆಯಲ್ಲಿ ಸಾಕ್ಷಿ ಹೇಳುವುದು ಸಲ್ಲದು ಎಂದು ಉದಾಹರಣೆ ಸಹಿತ ಬರೆದಿದೆ. ಇಷ್ಟು ಧೈರ್ಯದ ಮಾತನ್ನು ಕ್ರೈಸ್ತರೇ ಕ್ರೈಸ್ತರಿಗಾಗಿ ಅಚ್ಚು ಮಾಡಿಸಿರುವುದನ್ನು ಕಂಡು ನನಗೆ ಸಂತೋಷವಾಯಿತು. ಅದೇ ಪುಸ್ತಿಕೆಯು ಮೂರನೆಯ ಅಧ್ಯಾಯದ ಬೋಧನೆಯನ್ನು ಮುಂದಿಟ್ಟು, ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಬೇಕು, ಹೇಳುವಾಗ ಸಾತ್ವಿಕತ್ವವೂ ಮರ್ಯಾದೆಯೂ ಇರಬೇಕು ಎಂಬುದನ್ನು ಒತ್ತಿ ಹೇಳುತ್ತದೆ.

ನಾಲ್ಕನೆಯ ಪಾಠ ಇತಿಹಾಸಕ್ಕೆ ತಿರುಗುತ್ತದೆ. ಪೇತ್ರನ ಪತ್ರಿಕೆಯ ಆರಂಭದಲ್ಲಿ ಹೆಸರಿಸಿರುವ ಬಿಥೂನ್ಯಕ್ಕೆ ಕ್ರಿ.ಶ. 112ರ ಸುಮಾರಿನಲ್ಲಿ ಅಧಿಪತಿಯಾಗಿದ್ದ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರವನ್ನು ಇಲ್ಲಿ ಪರಿಚಯಿಸಿದ್ದಾರೆ. ಇವರು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಕೂಡಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಆಣೆಯಿಡುತ್ತಾರೆ ಎಂದು ವಿಚಾರಣೆ ನಡೆಸಿದ ಅಧಿಕಾರಿಯೇ ಬರೆದಿರುವುದು ಓದುಗರಿಗೆ ಹೊಸ ಸಂಗತಿ. ಸಭೆಯಲ್ಲಿ ಸೇವಕಿಯರೆನಿಸಿಕೊಂಡ ಇಬ್ಬರು ದಾಸಿಯರನ್ನು ಆತ ಹಿಂಸಿಸಿ ವಿಚಾರಿಸಿದ್ದೂ, ಕ್ರೈಸ್ತರೆಂದು ಮೂರು ಸಲ ಕೇಳಿದಾಗಲೂ ಒಪ್ಪಿಕೊಂಡವರನ್ನು ಕೊಲ್ಲಿಸಿದ್ದೂ ಅದೇ ಪತ್ರದಲ್ಲಿದೆ. ಟ್ರಾಜನನ ಉತ್ತರದಲ್ಲಿ ಒಂದು ಸೂಕ್ಷ್ಮವಿದೆ: ಅವರನ್ನು ಹುಡುಕಿಕೊಂಡು ಹೋಗಬಾರದು, ಸಹಿಯಿಲ್ಲದ ದೂರುಗಳನ್ನು ಸ್ವೀಕರಿಸಲೇಬಾರದು. ಮೂಗರ್ಜಿಗೆ ಬೆಲೆ ಕೊಡಬಾರದೆಂದು ಹಿಂಸಕ ಪ್ರಭುತ್ವವೇ ಹೇಳಿತ್ತು. ಈ ಪಾಠದ ಬಗ್ಗೆ ನನ್ನ ಆಕ್ಷೇಪ ಒಂದೇ. ದೇವಾಲಯಗಳು ಬರಿದಾಗಿದ್ದವು, ಬಲಿಯ ಮಾಂಸವನ್ನು ಕೊಳ್ಳುವವರು ವಿರಳವಾಗಿದ್ದರು ಎಂದೂ ಪ್ಲಿನಿ ಬರೆದಿದ್ದಾನೆ. ವಿರೋಧದ ಹಿಂದೆ ದೇವರುಗಳ ವಿಷಯದ ಜೊತೆಗೆ ಹೊಟ್ಟೆಪಾಡಿನ ವಿಷಯವೂ ಇದ್ದಿರಬಹುದೆಂಬುದನ್ನು, ಅಪೊಸ್ತಲ ಪೌಲನ ಬೋಧನೆಯಿಂದ ತಮ್ಮ ಕಸುಬು ಹಾಳಾಗುತ್ತದೆಂದು ಎಫೆಸದ ಬೆಳ್ಳಿ ಕೆಲಸಗಾರರು ಎಬ್ಬಿಸಿದ ಗಲಭೆಯ ಪ್ರಸಂಗವನ್ನೂ ಜೊತೆಗಿಟ್ಟು, ಪುಸ್ತಿಕೆ ಬಿಡಿಸಿ ಹೇಳಬಹುದಾಗಿತ್ತು. ಎದುರಾಳಿಯ ಸಂಕಟವನ್ನು ತಿಳಿದವನಿಗೆ ಅವನನ್ನು ಆಶೀರ್ವದಿಸುವುದು ಸ್ವಲ್ಪ ಸುಲಭವಾಗುತ್ತದೆ.

ಐದನೆಯದು ಸ್ಮುರ್ನದ ಪಾಠ. ಇಡೀ ಮಾಲೆಯಲ್ಲಿ ಅತ್ಯುತ್ತಮವಾದ ಪಾಠ ಇದೇ. ಬೈಬಲಿನ ಕೊನೆಯದಾದ ಪ್ರಕಟನೆ ಪುಸ್ತಕದಲ್ಲಿ ಸಂದೇಶ ಪಡೆದ ಏಳು ಸಭೆಗಳಲ್ಲಿ ಸ್ಮುರ್ನ ಮತ್ತು ಫಿಲದೆಲ್ಫಿಯ ಎರಡಕ್ಕೆ ಮಾತ್ರ ಗದರಿಕೆ ಇಲ್ಲ. ಒಂದು ಬಡ ಸಭೆ, ಇನ್ನೊಂದು ಸ್ವಲ್ಪವೇ ಶಕ್ತಿಯುಳ್ಳ ಸಭೆ. ಸಾಯಬೇಕಾಗಿ ಬಂದರೂ ನಂಬಿಗಸ್ತನಾಗಿರಬೇಕೆಂಬ ಆಜ್ಞೆಯೂ ಜೀವದ ಜಯಮಾಲೆಯ ವಾಗ್ದಾನವೂ ಬಂದದ್ದು ಸ್ಮುರ್ನಕ್ಕೆ. ಅದೇ ಊರಿನ ಸಭಾಧ್ಯಕ್ಷನಾಗಿದ್ದ ಪೊಲಿಕಾರ್ಪನು 155ರ ಸುಮಾರಿನಲ್ಲಿ ಬೆಂಕಿಗೆ ಒಡ್ಡಲ್ಪಟ್ಟ ಕಥೆಯನ್ನು ನಮ್ಮಲ್ಲಿ ಹಲವರು ಕೇಳಿದ್ದಾರೆ. ಎಂಬತ್ತಾರು ವರ್ಷ ಸೇವಿಸಿದ ಅರಸನನ್ನು ದೂಷಿಸುವುದು ಹೇಗೆಂದು ಆತ ಕೇಳಿದ ಮಾತು ಪ್ರಸಿದ್ಧವಾದದ್ದು. ಕೇಳದೆ ಇರುವ ಭಾಗವನ್ನು ಪುಸ್ತಿಕೆ ಎತ್ತಿಕೊಂಡಿದೆ. ಆ ಮುದುಕನು ಸ್ನೇಹಿತರ ಮಾತಿಗೆ ಒಪ್ಪಿ ಮೊದಲು ಊರ ಹೊರಗಿನ ಹೊಲದಮನೆಗೆ, ಅಲ್ಲಿಂದ ಇನ್ನೊಂದಕ್ಕೆ ತೆರಳಿ ಅಡಗಿದ್ದನು. ಹಿಡಿಯಲು ಬಂದವರಿಗೆ ಊಟಕ್ಕೆ ಬಡಿಸಲು ಹೇಳಿ, ತನಗೆ ಪ್ರಾರ್ಥಿಸಲು ಒಂದು ಗಂಟೆ ಸಮಯ ಬೇಕೆಂದು ಕೇಳಿ, ಎರಡು ಗಂಟೆ ಪ್ರಾರ್ಥಿಸಿದನು. ಅದೇ ವೃತ್ತಾಂತದಲ್ಲಿ ಫ್ರುಗ್ಯದ ಕ್ವಿಂತನೆಂಬವನೊಬ್ಬನ ಪ್ರಸಂಗವೂ ಬರುತ್ತದೆ. ತಾನಾಗಿಯೇ ಮುಂದೆ ಬಂದು ಹಿಡಿಸಿಕೊಂಡ ಅವನು ಕಾಡುಮೃಗಗಳನ್ನು ಕಂಡೊಡನೆ ಎದೆಗುಂದಿ ಧೂಪ ಹಾಕಿದನು. ತಾವಾಗಿಯೇ ಹೋಗಿ ಸಿಕ್ಕಿಬೀಳುವವರನ್ನು ನಾವು ಹೊಗಳುವುದಿಲ್ಲ ಎಂದು ಸ್ಮುರ್ನದವರು ಬರೆದಿಟ್ಟರು. ಒಂದೂರಿನಲ್ಲಿ ಹಿಂಸೆಪಡಿಸಿದರೆ ಮತ್ತೊಂದೂರಿಗೆ ಓಡಿಹೋಗಿರಿ ಎಂದ ಕರ್ತನಾದ ಯೇಸುವಿನ ಮಾತಿನೊಡನೆ ಇದನ್ನು ಸೇರಿಸಿ ಪಾಠ ಕಟ್ಟಿದ ರೀತಿ ಮೆಚ್ಚಬೇಕಾದದ್ದು. ನಮ್ಮ ಯೌವನಸ್ಥರ ಕೂಟದ ಹುಡುಗರು, ಅಡಗಿಕೊಳ್ಳುವುದು ಹೇಡಿತನವಲ್ಲವೇ ಎಂದು ಬಹಳ ಹೊತ್ತು ಜಗಳವಾಡಿದ್ದು ಇದೇ ಪಾಠದ ಮೇಲೆ.

ಆರರಿಂದ ಒಂಬತ್ತರವರೆಗಿನ ಪಾಠಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಾನಿಯೇಲನ ಮೂವರು ಗೆಳೆಯರು, ಯೆರೆಮೀಯನು, ಸ್ತೆಫನನು, ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ: ಸಂಡೇ ಸ್ಕೂಲಿನಲ್ಲಿ ಕಲಿತವರಿಗೆ ಹೊಸದೇನೂ ಸಿಗುವುದಿಲ್ಲ. ಯೆರೆಮೀಯನ ಪಾಠದಲ್ಲಿ ಮಾತ್ರ ಅವನ ಗೊಣಗಾಟಕ್ಕೆ, ಹುಟ್ಟಿದ ದಿನವನ್ನೇ ಶಪಿಸಿಕೊಂಡ ಅವನ ಅಳಲಿಗೆ ಜಾಗ ಕೊಟ್ಟಿದ್ದಾರೆ. ಸೈರಣೆಯೆಂದರೆ ಬಾಯಿ ಮುಚ್ಚಿಕೊಂಡು ಕೂರುವುದೆಂದು ತಿಳಿದವರು ಅದನ್ನು ಓದಬೇಕು.

ಈಗ ಮುಖ್ಯ ಕೊರತೆಗೆ ಬರುತ್ತೇನೆ. ಪೇತ್ರನ ಪತ್ರಿಕೆಯನ್ನು ನಿಧಾನವಾಗಿ ಓದಿದರೆ ಅಲ್ಲಿ ಸಿಂಹದ ಬೋನೂ ಇಲ್ಲ, ಕೊಲೆಗಾರನ ಕತ್ತಿಯೂ ಇಲ್ಲ. ಒರಟು ಯಜಮಾನನ ಕೈಕೆಳಗಿನ ಆಳುಗಳಿದ್ದಾರೆ, ವಾಕ್ಯಕ್ಕೆ ಒಪ್ಪದ ಗಂಡಂದಿರ ಹೆಂಡತಿಯರಿದ್ದಾರೆ, ಹಳೆಯ ಕುಡಿತದ ಕೂಟಗಳಿಗೆ ನೀವು ಈಗ ಯಾಕೆ ಬರುತ್ತಿಲ್ಲವೆಂದು ಆಶ್ಚರ್ಯಪಟ್ಟು ದೂಷಿಸುವ ನೆರೆಯವರಿದ್ದಾರೆ. ಅಂದರೆ ಆ ಪತ್ರಿಕೆಯ ವಿರೋಧ ಮನೆಯ ಮತ್ತು ಕೇರಿಯ ವಿರೋಧ. ಪಾಠಮಾಲೆಯ ಲೇಖಕರು ಈ ವಚನಗಳನ್ನು ಒಂದು ಪುಟದಲ್ಲಿ ಮುಗಿಸಿ ನೀರೋ ಚಕ್ರವರ್ತಿಯ ಕಡೆಗೆ ಓಡುತ್ತಾರೆ. 64ರ ರೋಮಿನ ಬೆಂಕಿಯ ವರ್ಣನೆಗೆ ಕೊಟ್ಟ ಪುಟಗಳ ಅರ್ಧದಷ್ಟನ್ನು ಮುಳಬಾಗಿಲು ಕಡೆಯ ಒಂದು ಕೂಡು ಕುಟುಂಬಕ್ಕೆ ಕೊಟ್ಟಿದ್ದರೆ ಪುಸ್ತಿಕೆಯ ತೂಕ ಹೆಚ್ಚುತ್ತಿತ್ತು. ಊರಹಬ್ಬದ ವಂತಿಗೆ ಕೊಡಬೇಕೋ ಬೇಡವೋ, ಮನೆಗೆ ಬಂದ ಪ್ರಸಾದವನ್ನು ಏನು ಮಾಡಬೇಕು, ಪ್ರಾರ್ಥನಾ ಕೂಟ ನಡೆಸಿದ್ದಕ್ಕೆ ಮನೆ ಖಾಲಿ ಮಾಡೆಂದ ಮಾಲೀಕರಿಗೆ ಏನು ಹೇಳಬೇಕು, ತಂದೆ ತೀರಿಕೊಂಡಾಗ ಹಿರಿಮಗನು ಕರ್ಮಕ್ಕೆ ನಿಲ್ಲದಿದ್ದರೆ ತಾಯಿಯ ಮುಖವನ್ನು ನೋಡುವುದು ಹೇಗೆ: ಇವು ಇಲ್ಲಿನ ಓದುಗರು ಕೇಳುವ ಪ್ರಶ್ನೆಗಳು. ಅಚ್ಚಿನ ಪುಟಗಳಲ್ಲಿ ಇವುಗಳಿಗೆ ಉತ್ತರವಿಲ್ಲ.

ಉತ್ತರ ಸಿಗುವುದು ತಿದ್ದುವವರು ಕೈಯಾರೆ ಬರೆಯುವ ಹಸಿರು ಶಾಯಿಯಲ್ಲಿ. ಪ್ರತಿ ಉತ್ತರ ಪತ್ರಿಕೆಯ ಕೊನೆಯಲ್ಲಿ ನಿಮ್ಮ ಕಷ್ಟವೇನಾದರೂ ಇದ್ದರೆ ಬರೆಯಿರಿ ಎಂದು ನಾಲ್ಕು ಗೆರೆ ಖಾಲಿ ಬಿಟ್ಟಿರುತ್ತಾರೆ. ಪಾಠಗಳನ್ನು ಒಟ್ಟಿಗೆ ಓದುವ ನಮ್ಮ ಗುಂಪಿನ ಒಬ್ಬ ಸಹೋದರಿ, ಮದುವೆಯಾಗಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋದವರು, ಆ ನಾಲ್ಕು ಗೆರೆಗಳಲ್ಲಿ ತಮ್ಮ ಸಂಕಟವನ್ನು ಬರೆದಿದ್ದರು. ಗ್ರಾಮದೇವತೆಯ ಹಬ್ಬದಲ್ಲಿ ಮನೆಯ ಸೊಸೆ ತಂಬಿಟ್ಟಿನ ದೀಪ ಹೊತ್ತು ಮೆರವಣಿಗೆಯಲ್ಲಿ ಹೋಗಬೇಕು; ಹೊರದಿದ್ದರೆ ಅತ್ತೆಗೆ ಊರಿನಲ್ಲಿ ತಲೆ ಎತ್ತುವಂತಿಲ್ಲ; ಹೊತ್ತರೆ ತನ್ನ ಮನಸ್ಸಾಕ್ಷಿಗೆ ಉತ್ತರವಿಲ್ಲ. ಹಿಂದಿರುಗಿ ಬಂದ ಹಾಳೆಯ ಬೆನ್ನಿನಲ್ಲಿ ಅಂಚಿನವರೆಗೂ ಬರಹ ತುಂಬಿತ್ತು. ಅವರ ಅನುಮತಿ ಪಡೆದು ಅದರ ಸಾರವನ್ನು ಇಲ್ಲಿ ಕೊಡುತ್ತೇನೆ.

ದೀಪ ಹೊರುವುದು ಆರಾಧನೆಯ ಕ್ರಿಯೆ, ಅದನ್ನು ನೀವು ಮಾಡಲಾರಿರಿ ಎಂದು ತಿದ್ದುವವರು ಮೊದಲೇ ಸ್ಪಷ್ಟವಾಗಿ ಬರೆದಿದ್ದರು. ಆದರೆ ಹಬ್ಬದ ಮನೆಯ ಕೆಲಸವೆಲ್ಲವೂ ಆರಾಧನೆಯಲ್ಲ. ಅಂಗಳ ಸಾರಿಸುವುದು, ಬಂದ ನೆಂಟರಿಗೆ ಅಡುಗೆ ಮಾಡಿ ಬಡಿಸುವುದು, ನಾದಿನಿಯ ಮಕ್ಕಳನ್ನು ನೋಡಿಕೊಳ್ಳುವುದು, ಇವುಗಳಲ್ಲಿ ಯಾರಿಗಿಂತಲೂ ಮುಂದೆ ನಿಲ್ಲಿರಿ ಎಂದಿದ್ದರು. ಊಟದ ವಿಷಯಕ್ಕೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹತ್ತನೆಯ ಅಧ್ಯಾಯವನ್ನು ಓದಲು ಹೇಳಿ, ಮುಂದೆ ಇಟ್ಟದ್ದನ್ನು ವಿಚಾರಣೆ ಮಾಡದೆ ಉಣ್ಣುವುದಕ್ಕೂ, ಇದು ನೈವೇದ್ಯವೆಂದು ಹೇಳಿ ಕೊಟ್ಟಾಗ ಬೇಡವೆನ್ನುವುದಕ್ಕೂ ಪೌಲನು ಮಾಡಿದ ವ್ಯತ್ಯಾಸವನ್ನು ಗಮನಿಸಿರಿ ಎಂದಿದ್ದರು. ಒಡೆಯನ ತೋಳಿಗೆ ಆಸರೆಯಾಗಿ ರಿಮ್ಮೋನನ ಗುಡಿಗೆ ಹೋಗಬೇಕಾದ ಸೇನಾಪತಿ ನಾಮಾನನಿಗೆ ಪ್ರವಾದಿ ಎಲೀಷನು ಸಮಾಧಾನದಿಂದ ಹೋಗು ಎಂದದ್ದನ್ನೂ ನೆನಪಿಸಿ, ಅದನ್ನು ಎಲ್ಲದಕ್ಕೂ ಅಪ್ಪಣೆಯೆಂದು ಹಿಗ್ಗಿಸಬಾರದು, ಇಲ್ಲದ್ದೆಂದು ಮರೆಯಲೂ ಬಾರದು ಎಂದು ಸೇರಿಸಿದ್ದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೊನೆಯ ಸಲಹೆ: ಹೇಳಬೇಕಾದ ಮಾತನ್ನು ಹಬ್ಬದ ದಿನ ನಾಲ್ಕು ಜನರ ಎದುರು ಹೇಳಬೇಡಿರಿ, ಹದಿನೈದು ದಿನ ಮೊದಲೇ ಅತ್ತೆಯವರು ಒಬ್ಬರೇ ಇರುವಾಗ ಹೇಳಿರಿ, ಅವರಿಗೆ ಬೇರೆ ಏರ್ಪಾಟು ಮಾಡಿಕೊಳ್ಳಲು ಸಮಯ ಸಿಗಲಿ.

ಆ ಸಹೋದರಿ ಹಾಗೆಯೇ ಮಾಡಿದರು. ಅತ್ತೆ ಒಂದಷ್ಟು ಹೊತ್ತು ಮಾತನಾಡಲಿಲ್ಲವಂತೆ. ಆಮೇಲೆ, "ಈ ವರ್ಷ ನಿನ್ನ ನಾದಿನಿ ಹೊರಲಿ, ಮುಂದಿನ ವರ್ಷದ ಮಾತು ಮುಂದಿನ ವರ್ಷ" ಎಂದರಂತೆ. ವಿಷಯ ಬಗೆಹರಿಯಿತೆಂದು ನಾನು ಹೇಳುವುದಿಲ್ಲ. ಮುಂದಿನ ವರ್ಷ ಬಂದೇ ಬರುತ್ತದೆ.

ಹತ್ತನೆಯ ಪಾಠದಲ್ಲಿ ಇಂಥ ಸಂದರ್ಭಕ್ಕೆ ಬೇಕಾದ ಸಾಮಗ್ರಿಯೆಲ್ಲ ಇದೆ, ಆದರೂ ಲೇಖಕರು ಅದನ್ನು ಕೈಬಿಟ್ಟಿದ್ದಾರೆ. 203ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಕ್ರೈಸ್ತಳೆಂಬ ಕಾರಣಕ್ಕೆ ಸಾವಿಗೀಡಾದ ಪೆರ್ಪೆತುವಾ ಇಪ್ಪತ್ತೆರಡರ ಆಸುಪಾಸಿನ, ಎದೆಹಾಲು ಕುಡಿಯುವ ಮಗುವಿನ ತಾಯಿ. ಸೆರೆಮನೆಯಲ್ಲಿ ಆಕೆಯೇ ಬರೆದಿಟ್ಟದ್ದೆಂದು ಉಳಿದುಬಂದಿರುವ ದಿನಚರಿಯಲ್ಲಿ ಓದುಗನನ್ನು ಕಲಕುವವನು ಆಕೆಯ ತಂದೆ. ತನ್ನ ನರೆಗೂದಲನ್ನು ನೋಡೆಂದು, ಮಗುವನ್ನು ನೋಡೆಂದು, ಕೈಗಳನ್ನು ಮುತ್ತಿಡುತ್ತಾ, ಕಾಲಿಗೆ ಬೀಳುತ್ತಾ ಆತ ಮತ್ತೆ ಮತ್ತೆ ಬರುತ್ತಾನೆ. ವಿಶ್ವಾಸವನ್ನು ಬಿಡಲು ಮಗಳು ಒಪ್ಪುವುದಿಲ್ಲ, ತಂದೆಗಾಗಿ ಮರುಗುವುದನ್ನೂ ಬಿಡುವುದಿಲ್ಲ. ಹಿಂಸಿಸುವವರನ್ನು ದ್ವೇಷಿಸದೆ ಇರುವುದು ಒಂದು ಕಷ್ಟವಾದರೆ, ಪ್ರೀತಿಸಿ ತಡೆಯುವವರ ಮುಂದೆ ನಿಲ್ಲುವುದು ಅದಕ್ಕಿಂತ ದೊಡ್ಡ ಕಷ್ಟ. ಪುಸ್ತಿಕೆಯು ತಂದೆಗೆ ಎರಡು ವಾಕ್ಯ ಕೊಟ್ಟು, ಮಿಕ್ಕ ಪುಟಗಳನ್ನು ರಂಗಸ್ಥಳದ ಕಾಡುಹಸುವಿನ ವರ್ಣನೆಗೆ ಮೀಸಲಿಟ್ಟಿದೆ.

ಹನ್ನೊಂದನೆಯ ಪಾಠ ಹಿಂಸೆಗೆ ಹೆದರಿ ವಿಶ್ವಾಸದಿಂದ ಬಿದ್ದವರ ಕುರಿತದ್ದು. ನಂಬಿಗಸ್ತಿಕೆಯನ್ನು ಕಲಿಸುವ ಪಾಠಮಾಲೆಗಳು ಸಾಮಾನ್ಯವಾಗಿ ಮುಟ್ಟದ ವಿಷಯ ಇದು. ಮುಟ್ಟಿದ್ದಕ್ಕೆ ಇವರನ್ನು ಅಭಿನಂದಿಸಬೇಕು. ಕೋಳಿ ಕೂಗುವ ಮುಂಚೆ ಯೇಸುವನ್ನು ಮೂರು ಸಾರಿ ಅಲ್ಲಗಳೆದ ಪೇತ್ರನಿಂದ ಪಾಠ ಆರಂಭವಾಗುತ್ತದೆ. ತಾಳ್ಮೆಯ ಪತ್ರಿಕೆ ಬಂದಿರುವುದು ತಾಳಲಾರದೆ ಸೋತವನ ಹೆಸರಿನಲ್ಲಿ ಎಂಬುದನ್ನು ಹೀಗೆ ಎದುರಿಗಿಟ್ಟಾಗ ಮೊದಲ ಮೂರು ಪಾಠಗಳ ಅರ್ಥವೇ ಬದಲಾಗುತ್ತದೆ. ಬಳಿಕ 250ರ ಕಥೆ ಬರುತ್ತದೆ. ಚಕ್ರವರ್ತಿ ದೇಕಿಯನು ಸಾಮ್ರಾಜ್ಯದ ಜನರೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದನು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ದೊರೆತಿವೆ. ಕೆಲವರು ಪ್ರಾಣ ಕೊಟ್ಟರು, ಕೆಲವರು ಧೂಪ ಹಾಕಿದರು, ಇನ್ನು ಕೆಲವರು ಬಲಿ ಕೊಡದೆಯೇ ಹಣ ತೆತ್ತು ಕಾಗದವನ್ನು ಮಾತ್ರ ಕೊಂಡುಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರನ್ನು ಸಭೆಗೆ ಮತ್ತೆ ಸೇರಿಸಬೇಕೇ ಎಂಬ ಪ್ರಶ್ನೆ ಎದ್ದಾಗ, ರೋಮಿನ ನೊವಾತಿಯಾನನು ಕೂಡದೆಂದನು. ಕಾರ್ಥೇಜಿನ ಸಭಾಧ್ಯಕ್ಷ ಸಿಪ್ರಿಯಾನನೂ ಅವನ ಜೊತೆಯ ಅಧ್ಯಕ್ಷರೂ 251ರಲ್ಲಿ ಕೂಡಿ, ಒಬ್ಬೊಬ್ಬರ ಸಂದರ್ಭವನ್ನು ವಿಚಾರಿಸಿ ಪಶ್ಚಾತ್ತಾಪದ ದಾರಿಯನ್ನು ತೆರೆದಿಟ್ಟರು. ಆ ಸಿಪ್ರಿಯಾನನೂ 250ರಲ್ಲಿ ಅಡಗಿದ್ದವನೇ, 258ರಲ್ಲಿ ತಲೆಯೊಪ್ಪಿಸಿದವನೂ ಅವನೇ.

ಈ ಪಾಠವನ್ನು ನಮ್ಮ ಗುಂಪಿನಲ್ಲಿ ಓದಿದಾಗ ಎಲ್ಲರ ಮನಸ್ಸಿಗೂ ಬಂದದ್ದು ಇನ್ನೊಂದು ಬಗೆಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂಗಳಿಗೆ, ಬಳಿಕ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಉಂಟು. ಕ್ರೈಸ್ತರಾದ ದಲಿತರಿಗೆ ಇಲ್ಲ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಬರುತ್ತಾರೆ. ದಲಿತರ ಸಂಖ್ಯೆ ದೊಡ್ಡದಾಗಿರುವ ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರಾಗುವ ದೀಕ್ಷಾಸ್ನಾನದ ಎದುರು ನಿಂತ ಎಷ್ಟೋ ಮನೆಗಳಿಗೆ ಇದು ಮಕ್ಕಳ ಓದು, ಹಾಸ್ಟೆಲ್, ಕೆಲಸ ಎಲ್ಲವನ್ನೂ ಮುಟ್ಟುವ ಪ್ರಶ್ನೆ. ರೋಮಿನ ಕಾಗದವೂ ಈ ಕಾಗದವೂ ಒಂದೇ ಎಂದು ನಾನು ಹೇಳಲಾರೆ. ಅಲ್ಲಿ ಬಲಿಪೀಠವಿತ್ತು, ಇಲ್ಲಿ ಶತಮಾನಗಳ ಅನ್ಯಾಯಕ್ಕೆ ಸಲ್ಲಬೇಕಾದ ಪರಿಹಾರವಿದೆ, ಮತ್ತು ದೀಕ್ಷಾಸ್ನಾನವಾದ ಮಾತ್ರಕ್ಕೆ ಕೇರಿಯ ಹೊರಗಿನವರು ಯಾರನ್ನೂ ಮೊದಲಿಗಿಂತ ಬೇರೆಯಾಗಿ ಕಾಣುವುದಿಲ್ಲ. ಆದರೂ ನಂಬಿಗಸ್ತಿಕೆ ಪರೀಕ್ಷೆಗೆ ಒಳಗಾಗುವುದು ಈ ಜಾಗದಲ್ಲಿಯೇ ಎಂದ ಮೇಲೆ ಪಾಠಮಾಲೆ ಮೌನವಾಗಿರಬಾರದಿತ್ತು. ಈ ಕುರಿತು ಬರೆದು ಕೇಳಿದವರಿಗೆ ತಿದ್ದುವವರು ಕೊಟ್ಟ ಉತ್ತರವೂ ಜಾರಿಕೆಯದು: ನಿಮ್ಮ ಸಭಾಪಾಲಕರನ್ನು ವಿಚಾರಿಸಿರಿ, ಪ್ರಾರ್ಥಿಸುತ್ತೇವೆ. ಹಸಿರು ಶಾಯಿ ನಿರಾಸೆಗೊಳಿಸಿದ್ದು ಅಲ್ಲಿ ಮಾತ್ರ.

ಕಾನೂನಿನ ವಿಷಯದಲ್ಲಿಯೂ ಮಾಲೆ ಹಿಂಜರಿಯುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರು ನಡುರಾತ್ರಿ ಹಾಡಿದ್ದನ್ನು ಹನ್ನೆರಡನೆಯ ಪಾಠ ಚೆನ್ನಾಗಿ ಬಣ್ಣಿಸುತ್ತದೆ. ಮರುದಿನ ಬೆಳಿಗ್ಗೆ ಗುಟ್ಟಾಗಿ ಹೋಗಿಬಿಡಿರೆಂದಾಗ, ರೋಮಾಪುರದ ಹಕ್ಕುಳ್ಳ ನಮ್ಮನ್ನು ವಿಚಾರಣೆಯಿಲ್ಲದೆ ಹೊಡೆಸಿದ್ದಾರೆ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪೌಲನು ಪಟ್ಟು ಹಿಡಿದದ್ದನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸುತ್ತದೆ. ಹಾಡಿದವನೇ ಹಕ್ಕನ್ನೂ ಕೇಳಿದನು. 2021ರ ಡಿಸೆಂಬರಿನಲ್ಲಿ ನಮ್ಮ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹಂಚುತ್ತಿದ್ದವರ ಕೈಯಿಂದ ಕ್ರೈಸ್ತ ಪುಸ್ತಕಗಳನ್ನು ಕಿತ್ತುಕೊಂಡು ಸುಟ್ಟದ್ದನ್ನೂ, ಅದೇ ತಿಂಗಳು ಕ್ರಿಸ್‌ಮಸ್ ಹತ್ತಿರವಿರುವಾಗ ಚಿಕ್ಕಬಳ್ಳಾಪುರದ ಸೂಸೈಪಾಳ್ಯದ ಸಂತ ಜೋಸೆಫರ ಚರ್ಚಿನಲ್ಲಿ ಸಂತ ಅಂತೋಣಿಯವರ ಪ್ರತಿಮೆಗೆ ಹಾನಿ ಮಾಡಿದ್ದನ್ನೂ ಈ ಸೀಮೆಯ ಜನ ಮರೆತಿಲ್ಲ. 303ರಲ್ಲಿ ದಿಯೊಕ್ಲೇಶಿಯನನು ಧರ್ಮಗ್ರಂಥಗಳನ್ನು ಸುಡಬೇಕೆಂದು ಹೊರಡಿಸಿದ ಆಜ್ಞೆಯನ್ನು ವಿವರಿಸುವ ಪುಸ್ತಿಕೆಗೆ ಈ ಹತ್ತಿರದ ಘಟನೆಗಳು ಕಾಣಿಸುವುದಿಲ್ಲ. ಇಂಥದು ನಡೆದಾಗ ಯಾರಿಗೆ ದೂರು ಕೊಡಬೇಕು, ದೂರಿನ ಪ್ರತಿಯನ್ನು ಕೇಳಿ ಪಡೆಯಬೇಕೆಂಬುದು, ಉಚಿತ ಕಾನೂನು ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆಯೆಂಬುದು, ಇಷ್ಟನ್ನಾದರೂ ಬರೆಯಬೇಕಿತ್ತು. ಹಾಗೆಯೇ ಸಂವಿಧಾನದ 25ನೆಯ ವಿಧಿ ಮತವನ್ನು ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆಂಬುದನ್ನೂ, ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದೆಯೆಂಬುದನ್ನೂ ವಿಶ್ವಾಸಿಗಳು ಒಟ್ಟಿಗೇ ತಿಳಿದಿರಬೇಕು. 2022ರ ಮತಾಂತರ ನಿಷೇಧ ಕಾಯ್ದೆಯ ಮಾತಂತೂ ಇಲ್ಲವೇ ಇಲ್ಲ. ಪುಸ್ತಿಕೆಗಳು ಅದಕ್ಕೂ ಮೊದಲಿನ ಮುದ್ರಣದವು.

ಸಣ್ಣ ಪುಟ್ಟ ಸಂಗತಿಗಳು ಇನ್ನೂ ಕೆಲವಿವೆ. ಬಿಟ್ಟ ಸ್ಥಳ ತುಂಬಿರಿ, ಸರಿಯೋ ತಪ್ಪೋ ಗುರುತಿಸಿರಿ ಎಂಬ ಪ್ರಶ್ನೆಗಳು ಈ ವಿಷಯಕ್ಕೆ ಹೊಂದುವುದಿಲ್ಲ. "ನಾವು ಶತ್ರುಗಳನ್ನು ಡ್ಯಾಶ್ ಮಾಡಬೇಕು" ಎಂಬುದಕ್ಕೆ ಯಾರು ಬೇಕಾದರೂ ಪ್ರೀತಿ ಎಂದು ಬರೆದು ಅಂಕ ಪಡೆಯಬಹುದು, ಮನೆಗೆ ಹೋಗಿ ಪಕ್ಕದವರೊಡನೆ ಬೇಲಿಯ ಜಗಳವನ್ನು ಮುಂದುವರಿಸಬಹುದು. ಅಕ್ಷರ ಚಿಕ್ಕದು, ಕಾಗದ ತೆಳು. ಹಿಂದಿನ ಪುಟದ ಶಾಯಿ ಮುಂದಿನ ಪುಟದಲ್ಲಿ ಇಣುಕುತ್ತದೆ. ಭಾಷೆ ಹಳೆಯ ಕನ್ನಡ ಬೈಬಲಾದ ಸತ್ಯವೇದದ ಜಾಡಿನದು. ನನ್ನ ವಯಸ್ಸಿನವರಿಗೆ ಅದು ಹಿತವಾದರೂ ಕಾಲೇಜು ಹುಡುಗರು ಅಲ್ಲಲ್ಲಿ ಎಡವುತ್ತಾರೆ. ಮನೆಯಲ್ಲಿ ತೆಲುಗು ಆಡಿ ಹೊರಗೆ ಕನ್ನಡ ಓದುವ ನಮ್ಮ ಕಡೆಯವರಿಗೆ ಅನುಕೂಲವಾಗಲೆಂದು ತೆಲುಗಿನಲ್ಲಿ ಬರೆದ ಉತ್ತರವನ್ನೂ ಒಪ್ಪಿಕೊಳ್ಳುತ್ತಾರೆ. ಕೆಜಿಎಫ್‌ನ ತಮಿಳು ಸಭೆಗಳಿಗೆ ಆ ಸೌಲಭ್ಯವಿಲ್ಲ. 2001ರಲ್ಲಿ ಗಣಿ ಮುಚ್ಚಿದಾಗಿನಿಂದ ಕೆಲಸಕ್ಕಾಗಿ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವ ಅಲ್ಲಿನವರಿಗೆ, ಬಿಡುವಾದಾಗ ಓದಬಹುದಾದ ಅಂಚೆ ಪಾಠ ಬೇರೆಲ್ಲರಿಗಿಂತ ಹೆಚ್ಚು ಒಗ್ಗುತ್ತಿತ್ತು.

ತಿದ್ದಿದ ಹಾಳೆ ಬರಲು ಕೆಲವೊಮ್ಮೆ ತಿಂಗಳು ದಾಟುತ್ತದೆ. ತಿದ್ದುವವರು ಬೆರಳೆಣಿಕೆಯಷ್ಟು ಮಂದಿ, ಎಲ್ಲರೂ ಸಂಬಳವಿಲ್ಲದೆ ಮಾಡುವವರು ಎಂದು ತಿಳಿದ ಮೇಲೆ ನಾನು ಈ ದೂರನ್ನು ಗಟ್ಟಿಯಾಗಿ ಹೇಳುವುದನ್ನು ಬಿಟ್ಟಿದ್ದೇನೆ. ಒಂಟಿಯಾಗಿ ಓದುವುದಕ್ಕಿಂತ ನಾಲ್ಕೈದು ಜನ ಸೇರಿ ಓದುವುದು ಲೇಸು. ಒಬ್ಬರ ಹಾಳೆಯ ಬೆನ್ನಿನ ಬರಹ ಮಿಕ್ಕವರಿಗೂ ಉಪಯೋಗಕ್ಕೆ ಬರುತ್ತದೆ, ಆದರೆ ಬರೆದವರ ಒಪ್ಪಿಗೆಯಿಲ್ಲದೆ ಅದನ್ನು ಓದಿ ಹೇಳಬಾರದೆಂಬ ಕಟ್ಟು ಮೊದಲೇ ಇರಲಿ. ಹೊಸದಾಗಿ ವಿಶ್ವಾಸಕ್ಕೆ ಬಂದವರು ಮೂರನೆಯ ಪಾಠವಾದ ಮೇಲೆ ನೇರವಾಗಿ ಹನ್ನೊಂದಕ್ಕೆ ಹೋಗಿ, ಆಮೇಲೆ ಮಿಕ್ಕವನ್ನು ಓದಲಿ ಎಂಬುದು ನನ್ನ ಸಲಹೆ; ಕ್ರಮ ಬದಲಿಸಿ ಕಳುಹಿಸಿರೆಂದು ಅರ್ಜಿಯಲ್ಲಿ ಬರೆದರೆ ಅವರು ಒಪ್ಪುತ್ತಾರೆ.

ಮನೆಯ ವಿರೋಧವನ್ನು ಕುರಿತು ಒಂದು ಹೊಸ ಪುಸ್ತಿಕೆಯನ್ನು ಸೇರಿಸಬೇಕೆಂದು ನಮ್ಮ ಗುಂಪಿನಿಂದ ಪತ್ರ ಬರೆದಿದ್ದೆವು. ಇಷ್ಟು ವರ್ಷ ಹಾಳೆಗಳ ಹಿಂಬದಿಯಲ್ಲಿ ಬರೆದ ಉತ್ತರಗಳನ್ನು ಹೆಸರು ಊರು ತೆಗೆದು ಕಳುಹಿಸಿಕೊಡಲು ಓದುಗರು ಒಪ್ಪಿದರೆ ಅವುಗಳಿಂದಲೇ ಆ ಪುಸ್ತಿಕೆಯನ್ನು ಕಟ್ಟುವುದಾಗಿ ಮರು ಅಂಚೆಯಲ್ಲಿ ತಿಳಿಸಿದ್ದಾರೆ. ತಂಬಿಟ್ಟಿನ ದೀಪದ ಹಾಳೆಯ ಪ್ರತಿಯನ್ನು ಆ ಸಹೋದರಿ ಕಳುಹಿಸಿದ್ದಾರೆ. ಜಾತಿ ಪ್ರಮಾಣಪತ್ರದ ಪ್ರಶ್ನೆಯನ್ನು ನಾವು ಇನ್ನೊಮ್ಮೆ, ಈ ಸಲ ಎಲ್ಲರೂ ಸಹಿ ಹಾಕಿ, ಕೇಳಿದ್ದೇವೆ. ಅದಕ್ಕೆ ಉತ್ತರ ಬರಬೇಕಾಗಿದೆ.